ಬಿಸಿಲಿನ ಪಾಲು

ಈ ಮಾತು ಕೇಳುತ್ತಿರುವಾಗಲೇ ಕುಳಿತಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ನಲವತ್ತು ದಾಟಿದವರಾದರೆ ಇನ್ನೂ ಒಳ್ಳೆಯದು. ತೋಳನ್ನು ಮೇಲಕ್ಕೆತ್ತಿ, ಕಂಕುಳಿಗೆ ಹತ್ತಿರದ ಒಳಮಗ್ಗುಲನ್ನು ನೋಡಿ, ಮುಟ್ಟಿ. ಆಮೇಲೆ ಅದೇ ಕೈಯ ಹಿಂಬದಿಯನ್ನು ನೋಡಿ. ಒಳಮಗ್ಗುಲು ನುಣುಪಾಗಿ ಒಂದೇ ಬಣ್ಣದಲ್ಲಿದೆ. ಕೈಯ ಹಿಂಬದಿ ಒರಟು. ಅಲ್ಲಲ್ಲಿ ಕಪ್ಪು ಚುಕ್ಕೆ, ಸಣ್ಣ ಸುಕ್ಕು. ಎರಡೂ ಹುಟ್ಟಿದ್ದು ಒಂದೇ ದಿನ, ಎರಡಕ್ಕೂ ಹರಿದದ್ದು ಅದೇ ರಕ್ತ, ಉಂಡದ್ದು ಅದೇ ಅನ್ನ. ಒಂದು ಬಿಸಿಲು ಕಂಡಿದೆ, ಇನ್ನೊಂದು ಕಂಡಿಲ್ಲ. ವಯಸ್ಸಿನಿಂದ ಆಯಿತು ಎಂದು ನಾವು ತಿಳಿದುಕೊಂಡಿರುವ ಎಷ್ಟೋ ಮುಪ್ಪು ಬಿಸಿಲಿನದು.

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕಿದೆ, ಮೈಗೆ ತಟ್ಟುವ ಶಾಖವಿದೆ. ಇವೆರಡರ ಜೊತೆಗೆ, ಕಣ್ಣಿಗೂ ಕಾಣದೆ ಮೈಗೂ ತಿಳಿಯದೆ ಬರುವ ಅತಿನೇರಳೆ ಕಿರಣಗಳಿವೆ. ನೆಲ ಮುಟ್ಟುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆ: ‘ಎ’ ಮತ್ತು ‘ಬಿ’. ನೂರರಲ್ಲಿ ಸುಮಾರು 95 ಪಾಲು ‘ಎ’ ಬಗೆಯವೇ. ಇವು ಚರ್ಮದ ಮೇಲ್ಪದರವನ್ನು ದಾಟಿ ಒಳಪದರಕ್ಕೆ ಇಳಿಯುತ್ತವೆ. ಅಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿರುವುದು ಕೊಲಾಜನ್ ಎಂಬ ಎಳೆ, ಎಳೆದು ಬಿಟ್ಟಾಗ ಮತ್ತೆ ಸ್ವಸ್ಥಾನಕ್ಕೆ ತರುವುದು ಎಲಾಸ್ಟಿನ್ ಎಂಬ ಎಳೆ. ‘ಎ’ ಕಿರಣ ಬಿದ್ದಾಗ ಈ ಎಳೆಗಳನ್ನು ತುಂಡರಿಸುವ ಕಿಣ್ವಗಳು ಚುರುಕಾಗುತ್ತವೆ. ವರ್ಷಗಟ್ಟಲೆ ಮಲಗಿದ ನವಾರು ಮಂಚ ನಡುವೆ ಜಗ್ಗುವ ಹಾಗೆ ಚರ್ಮ ಜಗ್ಗುತ್ತದೆ. ‘ಬಿ’ ಕಿರಣಗಳು ಬಹುಮಟ್ಟಿಗೆ ಮೇಲ್ಪದರದಲ್ಲೇ ನಿಲ್ಲುತ್ತವೆ. ಚರ್ಮ ಕೆಂಪೇರಿ ಉರಿಯುವುದು ಮುಖ್ಯವಾಗಿ ಇವುಗಳಿಂದ. ವಿಟಮಿನ್ ಡಿ ತಯಾರಾಗುವುದೂ ಇವುಗಳಿಂದಲೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಕಿಟಕಿಯ ಗಾಜು ‘ಬಿ’ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ‘ಎ’ ಕಿರಣವನ್ನು ಬಹಳಷ್ಟು ಒಳಗೆ ಬಿಡುತ್ತದೆ. 2012ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಭಾವಚಿತ್ರ ಅಚ್ಚಾಯಿತು. 69 ವರ್ಷದ ಒಬ್ಬ ಮನುಷ್ಯ. 28 ವರ್ಷ ಸರಕು ಸಾಗಿಸುವ ಟ್ರಕ್ ಓಡಿಸಿದವನು. ಮುಖದ ಬಲಭಾಗ ಅವನ ವಯಸ್ಸಿಗೆ ತಕ್ಕಂತಿದೆ. ಎಡಭಾಗ ಮಾತ್ರ ಆಳವಾದ ಗೆರೆ ಬಿದ್ದು, ದಪ್ಪಗಟ್ಟಿ, ಇನ್ನೊಬ್ಬನ ಮುಖದಂತೆ ಕಾಣುತ್ತದೆ. ಆ ದೇಶದಲ್ಲಿ ಚಾಲಕ ಕೂರುವುದು ಎಡಗಡೆ, ಕಿಟಕಿಯೂ ಎಡಗಡೆ. ನಮ್ಮಲ್ಲಿ ಬಲಗಡೆ. ಮುಂದಿನ ಸಲ ಬಸ್ಸಿನಲ್ಲಿ ಮುಂದೆ ಸೀಟು ಸಿಕ್ಕರೆ ಚಾಲಕರ ಎರಡೂ ಮುಂಗೈಗಳನ್ನು ಹೋಲಿಸಿ ನೋಡಿ. ಇನ್ನು, ಕಚೇರಿಯಲ್ಲಿ ಗಾಜಿನ ಕಿಟಕಿಯ ಪಕ್ಕ ಕುಳಿತು ‘ನನಗೆ ದಿನವೂ ಬಿಸಿಲು ಸಿಗುತ್ತದೆ’ ಎನ್ನುವವರು ಇದ್ದಾರೆ. ಅವರಿಗೆ ಸಿಗುವುದು ಸುಕ್ಕು ತರುವ ಪಾಲು, ವಿಟಮಿನ್ ಪಾಲು ಅಲ್ಲ. ಇದಕ್ಕಿಂತ ನಷ್ಟದ ವ್ಯಾಪಾರ ಇಲ್ಲ.

ಹಾಗಾದರೆ ಬಿಸಿಲಿನಿಂದ ಓಡಿಹೋಗಬೇಕೆ? ಓಡಿಹೋದವರ ಕಥೆಯೂ ನಮಗೆ ಗೊತ್ತಿದೆ. ಕಾರ್ಖಾನೆಗಳ ಹೊಗೆ ಕವಿದ ಇಂಗ್ಲೆಂಡಿನ ಪಟ್ಟಣಗಳಲ್ಲಿ, ಇಕ್ಕಟ್ಟಿನ ಓಣಿಗಳಲ್ಲಿ ಬೆಳೆದ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗಿದವು. ರಿಕೆಟ್ಸ್ ಎಂಬ ಆ ಕಾಯಿಲೆಯ ಮೂಲ ಬಿಸಿಲಿನ ಅಭಾವ ಎಂದು ಸ್ಪಷ್ಟವಾಗಲು ಇಪ್ಪತ್ತನೆಯ ಶತಮಾನದ ಎರಡನೇ-ಮೂರನೇ ದಶಕವೇ ಬರಬೇಕಾಯಿತು. ಅದಕ್ಕೂ ಮೊದಲೇ, 1903ರಲ್ಲಿ, ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ನೀಲ್ಸ್ ಫಿನ್ಸೆನ್‌ಗೆ ನೊಬೆಲ್ ಬಹುಮಾನ ಬಂದಿತ್ತು. ನಮ್ಮ ವೈದ್ಯರು ತೊನ್ನಿಗೆ ಬಾವಂಚಿ ಬೀಜದ ಔಷಧ ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದುದು ಅದಕ್ಕೂ ಎಷ್ಟೋ ಹಿಂದಿನಿಂದ. ಬಿಸಿಲು ಮದ್ದೂ ಹೌದು. ಆದರೂ ವರ್ಷವಿಡೀ ಬಿಸಿಲು ಸುರಿಯುವ ಈ ದೇಶದಲ್ಲಿ ವಿಟಮಿನ್ ಡಿ ಕೊರತೆ ಮನೆಮನೆಯ ಮಾತಾಗಿದೆ. ರಕ್ತ ಪರೀಕ್ಷೆಯ ಚೀಟಿ ಹಿಡಿದು ಬಂದವರಲ್ಲಿ ‘ಡಿ ಸರಿಯಾಗಿದೆ’ ಎನ್ನಿಸಿಕೊಳ್ಳುವವರೇ ನನ್ನ ಚಿಕಿತ್ಸಾ ಕೋಣೆಯಲ್ಲಿ ಕಡಿಮೆ.

ಇಲ್ಲಿ ಚರ್ಮದ ಒಂದು ಜಾಣತನವನ್ನು ಹೇಳಬೇಕು. ‘ಬಿ’ ಕಿರಣ ಬಿದ್ದಾಗ ಚರ್ಮದಲ್ಲಿರುವ ಕೊಲೆಸ್ಟರಾಲ್ ಬಳಗದ ಒಂದು ವಸ್ತು ವಿಟಮಿನ್ ಡಿಯ ಪೂರ್ವರೂಪಕ್ಕೆ ತಿರುಗುತ್ತದೆ. ಬಿಸಿಲಿನಲ್ಲೇ ನಿಂತಿದ್ದರೆ ಹೀಗೆ ತಯಾರಾದದ್ದು ಅದೇ ಬಿಸಿಲಿಗೆ ಒಡೆದು, ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗುತ್ತದೆ. ಹಾಗಾಗಿ ಬಿಸಿಲಿನಿಂದ ಯಾರಿಗೂ ವಿಟಮಿನ್ ಡಿ ವಿಷವಾಗುವಷ್ಟು ಹೆಚ್ಚಾಗುವುದಿಲ್ಲ. ಮಾತ್ರೆ ಮತ್ತು ಸ್ಯಾಷೆಯಿಂದ ಆಗುತ್ತದೆ: 60,000 ಯೂನಿಟ್‌ನದನ್ನು ವಾರಕ್ಕೊಂದು ಎಂದು ಬರೆದುಕೊಟ್ಟರೆ ದಿನಕ್ಕೊಂದು ನುಂಗುವವರಿದ್ದಾರೆ, ದಯವಿಟ್ಟು ಚೀಟಿಯನ್ನು ಎರಡು ಸಲ ಓದಿಸಿಕೊಳ್ಳಿ. ಇದೇ ಸಂಗತಿಯ ಇನ್ನೊಂದು ಮುಖ ನಮ್ಮ ಇವತ್ತಿನ ವಿಷಯಕ್ಕೆ ಹೆಚ್ಚು ಮುಖ್ಯ. ಒಂದು ಹೊತ್ತಿನ ಬಿಸಿಲಿನಿಂದ ಬರುವ ಲಾಭ ಬೇಗನೆ ಮುಗಿಯುತ್ತದೆ. ಹಾನಿ ಮುಗಿಯುವುದಿಲ್ಲ, ನಿಂತಷ್ಟು ಹೊತ್ತೂ ಬೆಳೆಯುತ್ತಲೇ ಇರುತ್ತದೆ. ನಾಲ್ಕು ಗಂಟೆ ಬಿಸಿಲಿನಲ್ಲಿದ್ದವನಿಗೆ ಅರ್ಧ ಗಂಟೆ ಇದ್ದವನ ಎಂಟು ಪಟ್ಟು ವಿಟಮಿನ್ ಸಿಗುವುದಿಲ್ಲ. ಅವನ ಕೊಲಾಜನ್ ಮಾತ್ರ ನಾಲ್ಕು ಗಂಟೆಯೂ ಪೆಟ್ಟು ತಿನ್ನುತ್ತದೆ.

ಇನ್ನು ಯಾವ ಹೊತ್ತಿನ ಬಿಸಿಲು? ಇಲ್ಲಿ ನಾನು ಹೇಳುವುದು ಮನೆಯ ಹಿರಿಯರಿಗೆ ರುಚಿಸದೆ ಇರಬಹುದು. ಬೆಳಿಗ್ಗೆ ಏಳು-ಎಂಟರ ಎಳೆಬಿಸಿಲು ಶ್ರೇಷ್ಠ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಎಳೆಬಿಸಿಲು ಹಿತವಾದದ್ದು, ನಿದ್ದೆ-ಎಚ್ಚರದ ಗಡಿಯಾರವನ್ನು ಸರಿಪಡಿಸುತ್ತದೆ, ವಾಕಿಂಗಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ಸೂರ್ಯ ಓರೆಯಾಗಿರುವಾಗ ಕಿರಣಗಳು ವಾತಾವರಣದ ದಪ್ಪ ಪದರವನ್ನು ಹಾದು ಬರಬೇಕು. ಆ ದಾರಿಯಲ್ಲಿ ‘ಬಿ’ ಕಿರಣಗಳು ಸೋಸಿಹೋಗುತ್ತವೆ. ತಿರುಪತಿಯಲ್ಲಿ ಸಂಶೋಧಕರು ಆ ಕೊಲೆಸ್ಟರಾಲ್ ಬಳಗದ ವಸ್ತುವನ್ನೇ ಸಣ್ಣ ಕುಪ್ಪಿಗಳಲ್ಲಿ ತುಂಬಿ, ದಿನದ ಬೇರೆಬೇರೆ ಗಂಟೆಗಳಲ್ಲಿ ಬಿಸಿಲಿಗಿಟ್ಟು ಅಳೆದರು. ಅತಿ ಹೆಚ್ಚು ಪರಿವರ್ತನೆ ಕಂಡದ್ದು 11ರಿಂದ 2 ಗಂಟೆಯ ನಡುವೆ. ತಿರುಪತಿಯೂ ಬೆಂಗಳೂರೂ ಮಂಗಳೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಆದ್ದರಿಂದ ಲೆಕ್ಕ ನಮಗೂ ಹೊಂದುತ್ತದೆ. ಆ ಹೊತ್ತು ತಿಳಿಯಲು ಯಾವ ಯಂತ್ರವೂ ಬೇಡ, ನಿಮ್ಮ ನೆರಳನ್ನು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಚರ್ಮದಲ್ಲಿ ವಿಟಮಿನ್ ಚೆನ್ನಾಗಿ ತಯಾರಾಗುವ ಹೊತ್ತು ಅದು. ಚರ್ಮ ಕೆಡುವ ಹೊತ್ತೂ ಅದೇ. ಬೀದರಿನಲ್ಲಿ ಡಿಸೆಂಬರ್ ತಿಂಗಳ ನಡುಹಗಲಿನಲ್ಲೂ ನೆರಳು ನಮಗಿಂತ ಗಿಡ್ಡ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಒಂದೊಂದು ದಿನ ನೆರಳು ಕಾಲಡಿಗೇ ಸೇರಿಬಿಡುತ್ತದೆ.

ನಮ್ಮ ಮೈಬಣ್ಣಕ್ಕೆ ಈ ಲೆಕ್ಕದಲ್ಲಿ ದೊಡ್ಡ ಪಾತ್ರವಿದೆ. ಮೆಲನಿನ್ ಎಂಬ ಕಪ್ಪು ಬಣ್ಣದ ಕಣಗಳು ಚರ್ಮದ ಜೀವಕೋಶದಲ್ಲಿ ಸುಮ್ಮನೆ ಚದುರಿ ಕೂರುವುದಿಲ್ಲ. ಕೋಶದ ಕೇಂದ್ರವನ್ನು, ಅಂದರೆ ಡಿಎನ್‌ಎ ಇರುವ ಜಾಗವನ್ನು, ಬಿಸಿಲಿನ ಕಡೆಯಿಂದ ಮುಚ್ಚಿ ನಿಲ್ಲುತ್ತವೆ. ಮಾನವಶಾಸ್ತ್ರಜ್ಞರಾದ ನೀನಾ ಜಬ್ಲಾನ್‌ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ 2000ದಲ್ಲಿ ಒಂದು ವಾದ ಮುಂದಿಟ್ಟರು. ಹೆಚ್ಚು ಅತಿನೇರಳೆ ಕಿರಣ ರಕ್ತದ ಫೋಲೇಟನ್ನು ಒಡೆಯುತ್ತದೆ. ಬಸುರಿಯಲ್ಲಿ ಫೋಲೇಟ್ ಕಡಿಮೆಯಾದರೆ ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯದು. ಕಿರಣ ತೀರಾ ಕಡಿಮೆಯಾದರೆ ವಿಟಮಿನ್ ಡಿ ಇಲ್ಲ. ಇವೆರಡರ ನಡುವೆ, ಆಯಾ ಸೀಮೆಯ ಬಿಸಿಲಿಗೆ ತಕ್ಕಂತೆ, ಸಾವಿರಾರು ವರ್ಷಗಳಲ್ಲಿ ಮನುಷ್ಯರ ಬಣ್ಣ ಹದಗೊಂಡಿತು. ‘ಕಪ್ಪಾಗುತ್ತೀಯಾ, ಒಳಗೆ ಬಾ’ ಎಂದು ಮಗಳನ್ನು ಅಂಗಳದಿಂದ ಕರೆಯುವ ತಾಯಂದಿರಿಗೆ ನಾನು ಹೇಳುವುದು ಇಷ್ಟೇ: ಆ ಕಪ್ಪು ಈ ಬಿಸಿಲಿಗೆ ನಮ್ಮ ಹಿರಿಯರ ಮೈ ಕೊಟ್ಟ ಉತ್ತರ. ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ, ಸುಕ್ಕು ಬೀಳುವುದೂ ತಡ. ಹುಟ್ಟಿನಿಂದಲೇ ಮೈಯಲ್ಲಿ ಬಣ್ಣವಿಲ್ಲದವರು ಮಾತ್ರ ಇದಕ್ಕೆ ಹೊರತು. ಅವರೂ ತೊನ್ನಿನ ಕಲೆ ಇರುವವರೂ ಬಿಸಿಲಿನ ವಿಷಯದಲ್ಲಿ ಬಿಳಿಯರಿಗಿಂತಲೂ ಎಚ್ಚರವಾಗಿರಬೇಕು.

ಈ ಮೆಲನಿನ್ ವಿಟಮಿನ್ ತಯಾರಿಕೆಯನ್ನೂ ನಿಧಾನ ಮಾಡುತ್ತದೆ. ಯುರೋಪಿನ ಪುಸ್ತಕದಲ್ಲಿ ಹತ್ತು ನಿಮಿಷ ಸಾಕು ಎಂದಿದ್ದರೆ ನಮಗೆ ಸಾಲದು. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುವ ನಮ್ಮ ಮಕ್ಕಳ ಸ್ಥಿತಿ ಇನ್ನೂ ಬೇರೆ: ಅಲ್ಲಿ ಚಳಿಗಾಲದುದ್ದಕ್ಕೂ ಸೂರ್ಯ ಎಷ್ಟು ಕೆಳಗಿರುತ್ತಾನೆಂದರೆ ಚರ್ಮದಲ್ಲಿ ವಿಟಮಿನ್ ತಯಾರಾಗುವುದೇ ಇಲ್ಲ. ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುವ ಬಗ್ಗೆ ಎಲ್ಲರೂ ಯೋಚಿಸಬೇಕು, ನಮ್ಮಂಥ ಬಣ್ಣದವರು ವರ್ಷವಿಡೀ ಯೋಚಿಸಬೇಕು ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಮಕ್ಕಳಿಗೆ ಫೋನು ಮಾಡಿದಾಗ ‘ಊಟ ಆಯ್ತಾ’ ಎಂದು ಕೇಳುವ ಜೊತೆಗೆ ಇದನ್ನೂ ಒಂದು ಮಾತು ಕೇಳಿ.

ಇಲ್ಲಿರುವ ನಮಗೆ ನಾನು ಕೊಡುವ ಸಲಹೆ ಹೀಗೆ. ದಿನವೆಲ್ಲ ಮನೆಯಲ್ಲೋ ಕಚೇರಿಯಲ್ಲೋ ಇರುವವರು ವಾರಕ್ಕೆ ಮೂರ್ನಾಲ್ಕು ದಿನ, ನಡುಹಗಲಿನ ಹೊತ್ತಿನಲ್ಲಿ, ಮೊಣಕೈವರೆಗೆ, ಸಾಧ್ಯವಾದರೆ ಮೊಣಕಾಲಿನ ಕೆಳಗೂ, ಬಿಸಿಲು ತಾಗುವಂತೆ ಹೊರಗಿರಿ. ಚಳಿಗಾಲದಲ್ಲಿ ಅರ್ಧ ಗಂಟೆ, ಏಪ್ರಿಲ್-ಮೇ ತಿಂಗಳಲ್ಲಿ ಕಾಲು ಗಂಟೆ ಸಾಕು. ಚರ್ಮ ಚುರುಗುಟ್ಟುವ ಮೊದಲೇ ಒಳಗೆ ಬನ್ನಿ. ಮಹಡಿಯ ಮೇಲೆ ಬಟ್ಟೆ ಹರವುವ, ಹಪ್ಪಳ ಸಂಡಿಗೆ ಒಣಹಾಕುವ ಕೆಲಸ ಹೇಗೂ ಇದ್ದೇ ಇದೆ; ಅದನ್ನು ಹೆಂಗಸರಿಗಷ್ಟೇ ಬಿಡದೆ ಗಂಡಸರೂ ಮಾಡಿದರೆ ಅವರಿಗೂ ವಿಟಮಿನ್ ಸಿಕ್ಕೀತು. ಆದರೆ ಬಿಸಿಲಿಗೆ ಕೈಕಾಲು ಕೊಡಿ, ಮುಖ ಕೊಡಬೇಡಿ. ಮುಖ ಮೈಯ ಸಣ್ಣ ಪಾಲು, ಅದರಿಂದ ಸಿಗುವ ವಿಟಮಿನ್ ಅಲ್ಪ. ಮುಪ್ಪು ಎದ್ದು ಕಾಣುವುದು ಮಾತ್ರ ಅಲ್ಲೇ. ಅಗಲ ಅಂಚಿನ ಟೋಪಿ, ಕೊಡೆ, ತಲೆಯ ಮೇಲಿನ ಸೆರಗು, ಕರಾವಳಿಯ ಮುಟ್ಟಾಳೆ, ಉತ್ತರದ ರುಮಾಲು ಯಾವುದಾದರೂ ನಡೆಯುತ್ತದೆ. ಆಹಾರದಲ್ಲಿ ಬೂತಾಯಿ, ಬಂಗುಡೆ ತಿನ್ನುವ ಕರಾವಳಿಯವರು ಪುಣ್ಯವಂತರು, ಮೊಟ್ಟೆಯ ಹಳದಿಯಲ್ಲೂ ಸ್ವಲ್ಪ ಡಿ ಇದೆ. ಸಸ್ಯಾಹಾರಿಗಳು ಅಡುಗೆಗೆ ಮೊದಲು ಅಣಬೆಯನ್ನು ಹೆಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಅದರಲ್ಲಿಯೂ ಡಿ ತಯಾರಾಗುತ್ತದೆ.

ಶಾಖವನ್ನು ನೋಡಿ ಕಿರಣವನ್ನು ಅಳೆಯಬೇಡಿ. ರಾಯಚೂರಿನಲ್ಲಿ ಬೆವರು ಸುರಿಯುತ್ತದೆ, ಎಲ್ಲರೂ ನೆರಳು ಹುಡುಕುತ್ತಾರೆ. ಮಡಿಕೇರಿಯಲ್ಲಿ ತಂಗಾಳಿ ಬೀಸುತ್ತದೆ, ಪ್ರವಾಸಿಗರು ಇಡೀ ದಿನ ಬರಿದಲೆಯಲ್ಲಿ ತಿರುಗುತ್ತಾರೆ. ಎತ್ತರ ಹೆಚ್ಚಿದಂತೆ ಅತಿನೇರಳೆ ಕಿರಣ ಹೆಚ್ಚುತ್ತದೆ, ತೆಳುಮೋಡ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಹವಾಮಾನ ವರದಿಯಲ್ಲಿ ಯುವಿ, ಅಂದರೆ ಅತಿನೇರಳೆ, ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಬೇಸಿಗೆಯ ನಡುಹಗಲಿನಲ್ಲಿ ಅದು 11 ಮುಟ್ಟುವುದು ಹೊಸದೇನಲ್ಲ.

ಸನ್‌ಸ್ಕ್ರೀನ್ ಬಗ್ಗೆ ಜನ ಎರಡು ತುದಿಯಲ್ಲಿ ಮಾತಾಡುತ್ತಾರೆ: ಒಬ್ಬರಿಗೆ ಅದು ಸಂಜೀವಿನಿ, ಇನ್ನೊಬ್ಬರಿಗೆ ದುಡ್ಡು ಕೀಳುವ ಉಪಾಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೂರ್ ಎಂಬ ಊರಿನಲ್ಲಿ 1992ರಲ್ಲಿ 1,621 ಜನರನ್ನು ಸೇರಿಸಿಕೊಂಡು ಒಂದು ಪರೀಕ್ಷೆ ಶುರುವಾಯಿತು. ಕೆಲವರು ದಿನವೂ ಸನ್‌ಸ್ಕ್ರೀನ್ ಹಚ್ಚಬೇಕು, ಉಳಿದವರು ತಮಗೆ ತೋಚಿದಾಗ. ಅವರಲ್ಲಿ 55 ದಾಟದ ಸುಮಾರು ಒಂಬೈನೂರು ಜನರ ಕೈಯ ಹಿಂಬದಿಯ ಅಚ್ಚು ತೆಗೆದು, ನಾಲ್ಕೂವರೆ ವರ್ಷದ ಕೊನೆಗೆ ಹೋಲಿಸಿದರು. ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇಕಡಾ 24ರಷ್ಟು ಕಡಿಮೆ ಎಂದು 2013ರಲ್ಲಿ ಪ್ರಕಟವಾಯಿತು. ಅದೇ ಪರೀಕ್ಷೆಯಲ್ಲಿ ಬೀಟಾ ಕೆರೋಟಿನ್ ಮಾತ್ರೆಯನ್ನೂ ಕೊಟ್ಟಿದ್ದರು. ಅದರಿಂದ ಚರ್ಮದ ಮುಪ್ಪಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಯೌವನ ಉಳಿಸುವ ಮಾತ್ರೆ ಎಂದು ಸಾವಿರಾರು ರೂಪಾಯಿ ಸುರಿಯುವವರು ಇದನ್ನು ಗಮನಿಸಲಿ.

ಹಚ್ಚುವುದಾದರೆ ಸಾಕಷ್ಟು ಹಚ್ಚಿ. ಡಬ್ಬಿಯ ಮೇಲೆ ಎಸ್‌ಪಿಎಫ್ 30 ಎಂದಿದ್ದರೆ, ಉರಿ ತರುವ ಕಿರಣದಲ್ಲಿ ನೂರಕ್ಕೆ 97 ಪಾಲು ತಡೆಯುತ್ತದೆ ಎಂದರ್ಥ. 50 ಎಂದಿದ್ದರೆ 98. ಆ ಒಂದು ಪಾಲಿಗಾಗಿ ದುಪ್ಪಟ್ಟು ಬೆಲೆ ಕೊಡಬೇಕಿಲ್ಲ. ಈ ಲೆಕ್ಕವೂ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದದ್ದು. ನಾವು ಹಚ್ಚುವುದು ಅದರ ಅರ್ಧವೋ ಕಾಲೋ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿಕೊಂಡರೆ ಮುಖಕ್ಕೂ ಕುತ್ತಿಗೆಗೂ ಆಗುತ್ತದೆ. ಎರಡು ಗಂಟೆಗೊಮ್ಮೆ, ಬೆವರಿದರೆ ಇನ್ನೂ ಬೇಗ, ಮತ್ತೆ ಹಚ್ಚಬೇಕು. ಕೊಬ್ಬರಿ ಎಣ್ಣೆ ಚರ್ಮವನ್ನು ಮೃದು ಮಾಡುತ್ತದೆ, ಬಿಸಿಲು ತಡೆಯಲು ನಂಬಬೇಡಿ. ದುಡ್ಡಿಲ್ಲದಿದ್ದರೆ ಚಿಂತೆಯೂ ಬೇಡ: ಒತ್ತು ನೇಯ್ಗೆಯ ತುಂಬುತೋಳಿನ ಬಟ್ಟೆ ಮತ್ತು ಒಂದು ಕಪ್ಪು ಕೊಡೆ ಯಾವ ಕ್ರೀಮಿಗೂ ಕಡಿಮೆಯಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆ ಬದಿ ಕಂಡರೆ ಕಿರಣವೂ ತೂರುತ್ತದೆ ಎಂದುಕೊಳ್ಳಿ.

ನಮ್ಮ ಹೆಂಗಸರ ನಿಜವಾದ ದೂರು ಸುಕ್ಕಲ್ಲ, ಬಂಗು. ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಹರಡುವ ಕಂದು ಕಲೆ. ಬಸಿರು, ಹಾರ್ಮೋನು, ಮನೆತನ ಎಲ್ಲವೂ ಅದಕ್ಕೆ ಕಾರಣ. ಅದನ್ನು ಗಾಢ ಮಾಡುವುದು ಬಿಸಿಲು. ಕಣ್ಣಿಗೆ ಕಾಣುವ ಬೆಳಕೂ ನಮ್ಮ ಬಣ್ಣದ ಚರ್ಮದಲ್ಲಿ ಬಂಗನ್ನು ಹೆಚ್ಚಿಸುತ್ತದೆ. ಹಾಗಾಗಿ ಬಂಗು ಇರುವವರು ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೇಳಿ ಪಡೆಯಬೇಕು. ಮುಖಕ್ಕೆ ನಿಂಬೆರಸ ತಿಕ್ಕಿಕೊಂಡು ಬಿಸಿಲಿಗೆ ಹೋಗುವುದನ್ನು ಇವತ್ತೇ ಬಿಡಿ. ನಿಂಬೆಯಲ್ಲಿರುವ ಒಂದು ವಸ್ತು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತದೆ, ತಿಂಗಳುಗಟ್ಟಲೆ ಹೋಗದ ಕಲೆ ಬಿಡುತ್ತದೆ. ಇನ್ನೂ ಅಪಾಯದ್ದು ಔಷಧದ ಅಂಗಡಿಯಲ್ಲಿ ಕೇಳಿ ತರುವ ‘ಬೆಳ್ಳಗಾಗುವ’ ಟ್ಯೂಬು. ಬಾನುಲಿಯಲ್ಲಿ ಹೆಸರು ಹೇಳುವಂತಿಲ್ಲ. ಅವುಗಳಲ್ಲಿ ಹಲವದರಲ್ಲಿ ಸ್ಟೆರಾಯಿಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ನರಗಳು ಮೂಡಿ, ಬಿಸಿಲಿಗೆ ಕಾಲಿಟ್ಟರೆ ಉರಿಯುವ ಸ್ಥಿತಿ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಕಾಗದದಲ್ಲಿದೆ, ಟ್ಯೂಬು ಇನ್ನೂ ಕೈಗೆ ಸಿಗುತ್ತದೆ.

ಇಷ್ಟು ಹೊತ್ತು ಬಿಸಿಲು ಸಾಲದವರ ಮಾತಾಡಿದೆ. ಕಡ್ಡಾಯವಾಗಿ ಬಿಸಿಲು ಕುಡಿಯುವವರ ಮಾತು ಉಳಿದಿದೆ. ಗಾರೆ ಕೆಲಸದವರು, ರಸ್ತೆಗೆ ಡಾಂಬರು ಹಾಕುವವರು, ತಳ್ಳುಗಾಡಿಯವರು, ಕಳೆ ಕೀಳುವ ಹೆಂಗಸರು, ಉಪ್ಪುನೀರಿನ ಮೇಲೆ ದಿನ ಕಳೆಯುವ ಮೀನುಗಾರರು. ಐವತ್ತರ ಹೊತ್ತಿಗೆ ಇವರ ಮುಖ ಎಪ್ಪತ್ತರದಾಗಿರುತ್ತದೆ. ಕಣ್ಣಿನಲ್ಲಿ ದುರ್ಮಾಂಸ ಬೆಳೆಯುತ್ತದೆ, ಪೊರೆ ಬೇಗ ಬರುತ್ತದೆ. ಇವರಿಗೆ ಎರಡು ಗಂಟೆಗೊಮ್ಮೆ ಕ್ರೀಮು ಹಚ್ಚಿ ಎನ್ನುವುದು ಅಣಕ. ಬೇಕಾದ್ದು ನೆರಳು ಮತ್ತು ಹೊತ್ತಿನ ಬದಲಾವಣೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ-ಬಾಗಲಕೋಟೆಗಳಲ್ಲಿ, ಏಪ್ರಿಲ್-ಮೇ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನರೇಗಾ ಕೂಲಿಕಾರರಿಗೂ ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟದ್ದಿದೆ. ಅಂದರೆ ಬಿಸಿಲಿಗೆ ತಕ್ಕಂತೆ ಹೊತ್ತು ಹೊಂದಿಸಲು ನಮಗೆ ಬರುತ್ತದೆ. ಖಾಸಗಿ ಗುತ್ತಿಗೆಯ ಕೆಲಸದಲ್ಲಿ, ನಮ್ಮನಿಮ್ಮ ಮನೆಯ ಕೆಲಸದಲ್ಲಿ ಮಾತ್ರ ಅದು ಯಾರ ತಲೆಗೂ ಹೊಳೆಯುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಈ ಬೇಸಿಗೆಯಲ್ಲಿ ಮನೆ ಕಟ್ಟಿಸುತ್ತಿದ್ದರೆ, ಬಾವಿ ತೋಡಿಸುತ್ತಿದ್ದರೆ, ಹೊಲಕ್ಕೆ ಆಳು ಕರೆಯುತ್ತಿದ್ದರೆ ಮೇಸ್ತ್ರಿಯನ್ನು ಕರೆದು ಹೇಳಿ: ಬೆಳಿಗ್ಗೆ ಆರೂವರೆಗೆ ಕೆಲಸ ಶುರುವಾಗಲಿ, ಹನ್ನೆರಡರಿಂದ ಮೂರರವರೆಗೆ ಬಿಡುವು ಇರಲಿ, ಕೂಲಿ ಕಡಿಯುವುದು ಬೇಡ. ಒಂದು ಟಾರ್ಪಾಲು ಕಟ್ಟಿಸಿ, ಅದರ ಕೆಳಗೆ ಕುಡಿಯುವ ನೀರಿಡಿ.